ತಂಗಿ ಇನ್ನೂ ದೊಡ್ಡಾಕಿ ಆಗಿಲ್ಲ



ಈ ಪಾಠದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅವಳಿಗೆ ಹೆಸರು ಇಟ್ಟಿಲ್ಲ. ಹೆಸರು ಇಟ್ಟರೆ ಆ ಹೆಸರಿನವಳನ್ನು ಊರಲ್ಲಿ ಹುಡುಕುವವರು ಇರುತ್ತಾರೆ. ಅದಕ್ಕೆ ನಾವು ಅವಳನ್ನು ತಂಗಿ ಎಂದು ಕರೆಯೋಣ.

ತಂಗಿಯ ಊರು ಖಾನಾಪುರ ತಾಲೂಕಿನಲ್ಲಿ ಇದೆ ಎಂದು ಅಂದುಕೊಳ್ಳೋಣ. ಸುತ್ತ ಕಾಡು. ನಡುವೆ ಭತ್ತದ ಗದ್ದೆ. ಮಳೆ ಹಿಡಿದರೆ ಬಿಡುವುದಿಲ್ಲ. ತಂಗಿಗೆ ಈಗ 15 ವರ್ಷ. ಒಂಬತ್ತನೇ ಇಯತ್ತೆ. ಓದಿನಲ್ಲಿ ಜಾಣೆ. ಆದರೆ ಎತ್ತರ ಕಡಿಮೆ. ಪ್ರಾರ್ಥನೆಗೆ ಸಾಲು ನಿಲ್ಲಿಸಿದರೆ ಯಾವಾಗಲೂ ಅವಳೇ ಮುಂದೆ. ಅವಳ ಓರಗೆಯ ಹುಡುಗಿಯರೆಲ್ಲ ಮೈನೆರೆದು ಎರಡು ಮೂರು ವರ್ಷ ಆಯಿತು. ಶಾಲೆಯಲ್ಲಿ ಪ್ಯಾಡು ಕೊಟ್ಟಾಗ ತಂಗಿಯೂ ಕೈ ಚಾಚಿ ತೆಗೆದುಕೊಂಡಳು. ಮನೆಗೆ ತಂದು ಟ್ರಂಕಿನ ತಳದಲ್ಲಿ ಇಟ್ಟಳು. ಅವಳಿಗೆ ಅದು ಬೇಕಾಗಿರಲಿಲ್ಲ. ಬೇಡ ಎಂದರೆ ಗೆಳತಿಯರಿಗೆ ತಿಳಿದುಹೋಗುತ್ತದೆ ಎಂಬ ಅಂಜಿಕೆ.

ನೀರಿಗೆ ಹೋದಲ್ಲಿ ಅವ್ವನನ್ನು ಕೇಳುತ್ತಾರೆ.

"ಯಾಕವ್ವಾ, ನಿನ್ನ ಮಗಳು ಇನ್ನೂ ದೊಡ್ಡಾಕಿ ಆಗಿಲ್ಲೇನು?"

ಅಜ್ಜಿ ಹೇಳುತ್ತಾಳೆ: "ಮದುವಿ ಮಾಡಿಬಿಡ್ರಿ. ಎಲ್ಲಾ ತಾನೇ ಸರಿ ಹೋಗತೈತಿ."

ಪಕ್ಕದ ಮನೆಯಾಕೆ ಹೇಳುತ್ತಾಳೆ: "ಔಷಧಿ ಅಂಗಡ್ಯಾಗ ಮುಟ್ಟು ಬರಸೋ ಗುಳಿಗಿ ಸಿಗತಾವ. ತಂದು ಕೊಡು."

ಇನ್ನೊಬ್ಬಾಕೆ ಹೇಳುತ್ತಾಳೆ: "ಹರಕಿ ಹೊರು. ದೇವಿ ಕಣ್ಣು ತೆರೀತಾಳ."

ಹರಕೆ ಹೊರುವುದು ಅವರವರ ಮನಸ್ಸಿನ ಮಾತು. ಅದನ್ನು ನಾನು ಬೇಡ ಅನ್ನುವುದಿಲ್ಲ. ಹರಕೆ ಹೊತ್ತು ಎರಡು ವರ್ಷ ಸುಮ್ಮನೆ ಕಾಯುವುದು ಮಾತ್ರ ಬೇಡ. ಉಳಿದ ಎರಡು ಮಾತು ತಪ್ಪು. ಯಾಕೆ ತಪ್ಪು ಎಂದು ತಿಳಿಯಲು ಮೊದಲು ಮೈಯ ಒಳಗೆ ಏನು ನಡೆಯುತ್ತದೆ ಎಂದು ನೋಡೋಣ.

ಒಳಗೆ ನಡೆಯುವ ಕೆಲಸ

ಹೆಣ್ಣಿನ ಕಿಬ್ಬೊಟ್ಟೆಯಲ್ಲಿ ಗರ್ಭಕೋಶ ಇದೆ. ಅದರ ಎಡಕ್ಕೆ ಒಂದು, ಬಲಕ್ಕೆ ಒಂದು ಅಂಡಾಶಯ ಇದೆ. ಅಂಡಾಶಯ ಎಂದರೆ ತತ್ತಿ ಇರುವ ಜಾಗ. ಹೆಣ್ಣು ಕೂಸು ಹುಟ್ಟುವಾಗಲೇ ಅದರ ಎರಡು ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ತತ್ತಿಗಳು ಇರುತ್ತವೆ. ಆಮೇಲೆ ಹೊಸ ತತ್ತಿ ಹುಟ್ಟುವುದಿಲ್ಲ. ಇದ್ದವು ಕಡಿಮೆ ಆಗುತ್ತಾ ಹೋಗುತ್ತವೆ. ನಮಗೆಲ್ಲ ಸುಮಾರು 45ರಿಂದ 50 ವರ್ಷಕ್ಕೆ ಮುಟ್ಟು ನಿಲ್ಲುವುದು ಇದೇ ಕಾರಣಕ್ಕೆ.

ಅಂಡಾಶಯಕ್ಕೆ ಇನ್ನೊಂದು ಕೆಲಸವೂ ಇದೆ. ಅದು ಒಂದು ರಸ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಆ ರಸದ ಹೆಸರು ಈಸ್ಟ್ರೋಜೆನ್. ಇಂಥ ರಸಗಳಿಗೆ ಹಾರ್ಮೋನು ಎನ್ನುತ್ತಾರೆ.

ಈಸ್ಟ್ರೋಜೆನ್ ಏನು ಮಾಡುತ್ತದೆ? ಎದೆ ಬೆಳೆಸುತ್ತದೆ. ಗರ್ಭಕೋಶವನ್ನು ದೊಡ್ಡದು ಮಾಡುತ್ತದೆ. ಎಲುಬಿಗೆ ಗಟ್ಟಿತನ ಕೊಡುತ್ತದೆ. ಹೃದಯಕ್ಕೂ ರಕ್ತನಾಳಕ್ಕೂ ಒಳ್ಳೆಯದು ಮಾಡುತ್ತದೆ. ಮುಟ್ಟು ಬರುವುದು ಇವೆಲ್ಲದರ ಕೊನೆಗೆ. ನಾವು ಮುಟ್ಟನ್ನೇ ಮೊದಲು ನೋಡುತ್ತೇವೆ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಎಲುಬು ಕಣ್ಣಿಗೆ ಕಾಣುವುದಿಲ್ಲ.

ಸಾಮಾನ್ಯವಾಗಿ ಹುಡುಗಿಗೆ 8ರಿಂದ 13 ವರ್ಷದ ಒಳಗೆ ಎದೆ ಮೂಡಲು ಶುರು ಆಗುತ್ತದೆ. ಅದಾಗಿ ಎರಡು ಮೂರು ವರ್ಷಕ್ಕೆ ಮುಟ್ಟು ಬರುತ್ತದೆ. ಈ ಎರಡು ಲೆಕ್ಕ ನೆನಪಿನಲ್ಲಿ ಇಡಬೇಕು.

13 ವರ್ಷ ತುಂಬಿದರೂ ಎದೆ ಮೂಡಿಲ್ಲ ಎಂದರೆ ವೈದ್ಯರಿಗೆ ತೋರಿಸಬೇಕು.

15 ವರ್ಷ ತುಂಬಿದರೂ ಮುಟ್ಟು ಬಂದಿಲ್ಲ ಎಂದರೆ ವೈದ್ಯರಿಗೆ ತೋರಿಸಬೇಕು.

ತೋರಿಸಬೇಕು ಎಂದೆ. ರೋಗ ಇದ್ದೇ ಇದೆ ಎನ್ನಲಿಲ್ಲ. ಕೆಲವು ಮನೆತನಗಳಲ್ಲಿ ಹುಡುಗಿಯರು ತಡವಾಗಿಯೇ ನೆರೆಯುತ್ತಾರೆ. ಮೈಯಲ್ಲಿ ರಕ್ತ ಕಡಿಮೆ ಇದ್ದರೆ, ಹೊಟ್ಟೆಗೆ ಸಾಲದಿದ್ದರೆ, ಥೈರಾಯ್ಡ್ ತೊಂದರೆ ಇದ್ದರೆ, ಕ್ಷಯ ಇದ್ದರೆ ಕೂಡ ತಡ ಆಗಬಹುದು. ಕೆಲವರಿಗೆ ಎದೆ ಸರಿಯಾಗಿ ಬೆಳೆದಿರುತ್ತದೆ, ಮುಟ್ಟು ಮಾತ್ರ ಬರುವುದಿಲ್ಲ. ಅವರದು ಬೇರೆ ಕಾರಣ. ಗರ್ಭಕೋಶದಲ್ಲೋ ದಾರಿಯಲ್ಲೋ ತೊಂದರೆ ಇರಬಹುದು. ಅದಕ್ಕೇ ಪರೀಕ್ಷೆ ಆಗದೆ ಯಾವ ಗುಳಿಗೆಯೂ ಬೇಡ.

ತಂಗಿಗೆ ಏನಾಗಿತ್ತು?

ನಮ್ಮ ತಲೆಯ ಒಳಗೆ, ಮೆದುಳಿನ ಕೆಳಗೆ, ಬಟಾಣಿ ಕಾಳಿನಷ್ಟು ಚಿಕ್ಕ ಗ್ರಂಥಿ ಇದೆ. ಅದು ಅಂಡಾಶಯಕ್ಕೆ "ಕೆಲಸ ಶುರು ಮಾಡು" ಎಂದು ಹೇಳಿ ಕಳಿಸುತ್ತದೆ. ಹೇಳಿ ಕಳಿಸುವ ಆ ಹಾರ್ಮೋನಿಗೆ ಎಫ್‌ಎಸ್‌ಎಚ್ ಎಂದು ಹೆಸರು. ಅಂಡಾಶಯ ಓಗೊಡದಿದ್ದರೆ ಗ್ರಂಥಿ ಇನ್ನೂ ಜೋರಾಗಿ ಕೂಗುತ್ತದೆ. ಆಗ ರಕ್ತದಲ್ಲಿ ಎಫ್‌ಎಸ್‌ಎಚ್ ಬಹಳ ಹೆಚ್ಚು ಇರುತ್ತದೆ, ಈಸ್ಟ್ರೋಜೆನ್ ಬಹಳ ಕಡಿಮೆ ಇರುತ್ತದೆ. ಒಂದು ಸಲದ ಪರೀಕ್ಷೆ ಸಾಲದು. ಒಂದು ತಿಂಗಳು ಬಿಟ್ಟು ಮತ್ತೆ ರಕ್ತ ನೋಡುತ್ತಾರೆ. ಎರಡು ಸಲವೂ ಹಾಗೇ ಬಂದರೆ ಅಂಡಾಶಯ ಕೆಲಸ ಮಾಡುತ್ತಿಲ್ಲ ಎಂದು ಗೊತ್ತಾಗುತ್ತದೆ.

ತಂಗಿಯ ರಕ್ತದಲ್ಲಿ ಎರಡು ಸಲವೂ ಹಾಗೇ ಬಂತು. ಇನ್ನೊಂದು ಪರೀಕ್ಷೆಯಲ್ಲಿ ಕಾರಣವೂ ತಿಳಿಯಿತು. ಅದರ ಹೆಸರು ಟರ್ನರ್ ಸಿಂಡ್ರೋಮ್.

ನಮ್ಮ ಮೈಯ ಪ್ರತಿ ಕಣದಲ್ಲೂ ವರ್ಣತಂತು ಎಂಬ ಸಣ್ಣ ಎಳೆಗಳು ಇರುತ್ತವೆ. ಅವುಗಳಲ್ಲಿ ಎಕ್ಸ್ ಎಂಬ ಹೆಸರಿನದು ಹೆಣ್ಣಿಗೆ ಎರಡು ಇರುತ್ತವೆ. ಟರ್ನರ್ ಇರುವ ಹುಡುಗಿಯರಿಗೆ ಒಂದೇ ಇರುತ್ತದೆ. ಅಥವಾ ಎರಡನೆಯದು ಅರೆಬರೆ ಇರುತ್ತದೆ. ಆದ್ದರಿಂದ ಅವರ ಅಂಡಾಶಯದಲ್ಲಿ ತತ್ತಿಗಳು ಬೇಗನೇ ಮುಗಿದುಹೋಗುತ್ತವೆ. ಎತ್ತರವೂ ಕಡಿಮೆ. ಮದ್ದು ಮಾಡದಿದ್ದರೆ ಓರಗೆಯವರಿಗಿಂತ ಸುಮಾರು 20 ಸೆಂಟಿಮೀಟರ್ ಗಿಡ್ಡ ಉಳಿಯುತ್ತಾರೆ. 20 ಸೆಂಟಿಮೀಟರ್ ಎಂದರೆ ಒಂದು ಗೇಣು. ಬುದ್ಧಿ ಮಾತ್ರ ಎಲ್ಲರ ಹಾಗೇ ಇರುತ್ತದೆ. ಕೆಲವರಿಗೆ ಗಣಿತ ಸ್ವಲ್ಪ ಕಷ್ಟ ಆಗಬಹುದು. ಅದು ಯಾರಿಗೆ ಕಷ್ಟ ಇಲ್ಲ ಹೇಳಿ.

ಅಮೆರಿಕದ ಹೆನ್ರಿ ಟರ್ನರ್ ಎಂಬ ವೈದ್ಯರು 1938ರಲ್ಲಿ ಇಂಥ ಏಳು ಹುಡುಗಿಯರ ಬಗ್ಗೆ ಬರೆದರು. ಅವರ ಹೆಸರೇ ಇದಕ್ಕೆ ಬಂತು. ಒಂದು ಎಕ್ಸ್ ಇಲ್ಲದ್ದೇ ಕಾರಣ ಎಂದು ಇಂಗ್ಲೆಂಡಿನಲ್ಲಿ 1959ರಲ್ಲಿ ಕಂಡುಹಿಡಿದರು.

ಇದು ಅಪರೂಪವೇನೂ ಅಲ್ಲ. ಹುಟ್ಟುವ 2,000ದಿಂದ 2,500 ಹೆಣ್ಣು ಕೂಸುಗಳಲ್ಲಿ ಒಬ್ಬಳಿಗೆ ಇರುತ್ತದೆ. ಒಂದು ಲೆಕ್ಕ ಮಾಡೋಣ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನ ಸುಮಾರು 47 ಲಕ್ಷ 80 ಸಾವಿರ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಹೆಣ್ಣುಮಕ್ಕಳು. 2,500ಕ್ಕೆ ಒಬ್ಬಳಂತೆ ಲೆಕ್ಕ ಹಾಕಿದರೆ 900ಕ್ಕೂ ಮೇಲೆ ಆಗುತ್ತದೆ. ತಂಗಿ ಒಬ್ಬಳೇ ಅಲ್ಲ. ಉಳಿದವರೂ ಎಲ್ಲೋ ಒಂದು ಟ್ರಂಕಿನಲ್ಲಿ ಏನೋ ಬಚ್ಚಿಟ್ಟಿದ್ದಾರೆ.

ಟರ್ನರ್ ಒಂದೇ ಕಾರಣ ಅಲ್ಲ. ಕ್ಯಾನ್ಸರಿಗೆ ಔಷಧಿ ಅಥವಾ ಕಿರಣದ ಚಿಕಿತ್ಸೆ ಆದ ಹುಡುಗಿಯರಿಗೂ ಅಂಡಾಶಯ ಕೆಡಬಹುದು. ಕೆಲವರಿಗೆ ಮೈಯ ರಕ್ಷಣೆಯ ಶಕ್ತಿಯೇ ತಪ್ಪಿ ಅಂಡಾಶಯದ ಮೇಲೆ ತಿರುಗುತ್ತದೆ. ಎಷ್ಟೋ ಜನರಿಗೆ ಕಾರಣವೇ ಸಿಗುವುದಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. "ಬಸುರಿ ಇದ್ದಾಗ ಗ್ರಹಣ ನೋಡಿದಿ, ಅದಕ್ಕ ಹಿಂಗಾತು" ಎಂದು ಅವ್ವನನ್ನು ಬೈಯುತ್ತಾರೆ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಅವ್ವ ತಿಂದದ್ದಕ್ಕೂ ಸಂಬಂಧ ಇಲ್ಲ. ಜೀವ ಮೂಡುವಾಗ ಒಂದು ಎಳೆ ತಪ್ಪಿ ಹೋಗುತ್ತದೆ, ಅಷ್ಟೇ. ಅದು ಯಾರ ಕೈಯಲ್ಲೂ ಇಲ್ಲ.

ಅಂಗಡಿಯ ಗುಳಿಗೆ ಯಾಕೆ ಬೇಡ?

ಔಷಧಿ ಅಂಗಡಿಯಲ್ಲಿ ಕೇಳಿದರೆ ಕೊಡುವ "ಮುಟ್ಟು ಬರಿಸೋ ಗುಳಿಗೆ" ಹೆಚ್ಚಾಗಿ ಪ್ರೊಜೆಸ್ಟರಾನ್ ಜಾತಿಯದು. ಗರ್ಭಕೋಶದ ಒಳಗಿನ ಪದರವನ್ನು ಉದುರಿಸುವುದು ಅದರ ಕೆಲಸ. ಪದರ ಬೆಳೆಸುವುದು ಈಸ್ಟ್ರೋಜೆನ್. ಈಸ್ಟ್ರೋಜೆನ್ ಇಲ್ಲದ ಹುಡುಗಿಗೆ ಪದರವೇ ಬೆಳೆದಿಲ್ಲ. ಬೆಳೆಯದ್ದು ಉದುರುವುದು ಹೇಗೆ? ಗುಳಿಗೆ ನುಂಗುತ್ತಾಳೆ, ಏನೂ ಆಗುವುದಿಲ್ಲ. ಮನೆಯವರು "ಇವಳಿಗೆ ಯಾವ ಮದ್ದೂ ನಾಟುವುದಿಲ್ಲ" ಎಂದು ಕೈಬಿಡುತ್ತಾರೆ.

ಇನ್ನು ಕೆಲವರು ಮಾಲಾ-ಎನ್ ಕೊಡುತ್ತಾರೆ. ಮಾಲಾ-ಎನ್ ನಿಮಗೆಲ್ಲ ಗೊತ್ತು. ಮಕ್ಕಳು ಬೇಡ ಎನ್ನುವಾಗ ತಗೊಳ್ಳುವ ಗುಳಿಗೆ. ಆ ಕೆಲಸಕ್ಕೆ ಅದು ಒಳ್ಳೆಯದು. ಅದರಲ್ಲಿ ಈಸ್ಟ್ರೋಜೆನ್ ಜಾತಿಯ ಮದ್ದು 30 ಮೈಕ್ರೋಗ್ರಾಂ ಇದೆ. ಕೇಳಲು ಕಡಿಮೆ ಅನಿಸುತ್ತದೆ. ಆದರೆ ಆ ಜಾತಿಯ ಮದ್ದು ಬಹಳ ಜೋರು. ಹಿಂದೆ ವೈದ್ಯರು ಇಂಥ ಹುಡುಗಿಯರಿಗೆ ಅದೇ ಮದ್ದು ಶುರು ಮಾಡುವಾಗ ದಿನಕ್ಕೆ 2 ಮೈಕ್ರೋಗ್ರಾಂ ಕೊಡುತ್ತಿದ್ದರು. ಅಂದರೆ ಮಾಲಾ-ಎನ್ ಅದರ 15 ಪಟ್ಟು. ಜೊತೆಗೆ ಅದರಲ್ಲಿ ಎರಡನೆಯ ಹಾರ್ಮೋನೂ ಮೊದಲ ದಿನದಿಂದಲೇ ಇದೆ. ರಕ್ತ ಕಾಣುತ್ತದೆ, ಮನೆಯವರಿಗೆ ಸಮಾಧಾನ ಆಗುತ್ತದೆ. ಆದರೆ ಎದೆ ಸರಿಯಾದ ಆಕಾರಕ್ಕೆ ಬೆಳೆಯುವುದಿಲ್ಲ. ಬೆಳೆಯುವ ಎತ್ತರವೂ ಬೇಗ ನಿಂತುಹೋಗುತ್ತದೆ.

ಖಾನಾಪುರದ ಮಣ್ಣಿನ ಕೆಲಸ ನೀವು ನೋಡಿದ್ದೀರಿ. ಹಂಚು, ಗಡಿಗೆ ಮಾಡಿ ಭಟ್ಟಿಯಲ್ಲಿ ಇಡುತ್ತಾರೆ. ಮೊದಲು ಸಣ್ಣ ಬೆಂಕಿ. ಆಮೇಲೆ ದೊಡ್ಡ ಬೆಂಕಿ. ಒಮ್ಮೆಗೇ ಜೋರು ಮಾಡಿದರೆ ಗಡಿಗೆ ಬಿರಿಯುತ್ತದೆ. ಇದೂ ಹಾಗೇ.

ಸರಿಯಾದ ಮದ್ದು ಯಾವುದು?

ಮೈಯಲ್ಲಿ ಇಲ್ಲದ ಈಸ್ಟ್ರೋಜೆನ್ ಅನ್ನು ಹೊರಗಿನಿಂದ ಕೊಡುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಕೊಟ್ಟ ಹಾಗೆ. ಥೈರಾಯ್ಡ್ ಇದ್ದವರು ಬೆಳಗ್ಗೆ ಗುಳಿಗೆ ತಗೊಂಡ ಹಾಗೆ. ಇದರಲ್ಲಿ ನಾಚಿಕೆ ಏನಿದೆ?

ಈ ರಸ ಏನೆಂದು ಮೊದಲು ಬೇರ್ಪಡಿಸಿ ತೋರಿಸಿದ್ದು 1929ರಲ್ಲಿ. ಜರ್ಮನಿಯಲ್ಲಿ ಬೂಟೆನಾಂಟ್, ಅಮೆರಿಕದಲ್ಲಿ ಡೊಯ್ಸಿ. ಅವರು ಅದನ್ನು ತೆಗೆದದ್ದು ಬಸುರಿ ಹೆಂಗಸರ ಮೂತ್ರದಿಂದ! ಆಮೇಲೆ ಬಹಳ ವರ್ಷ ಬಸುರಿ ಕುದುರೆಯ ಮೂತ್ರದಿಂದ ತೆಗೆದ ಗುಳಿಗೆಯೂ ಹೆಚ್ಚು ಬಳಕೆಯಲ್ಲಿತ್ತು. ಈಗ ಹುಡುಗಿಯರಿಗೆ ವೈದ್ಯರು ಆರಿಸುವುದು ಎಸ್ಟ್ರಾಡಿಯಾಲ್. ಅಂಡಾಶಯದಲ್ಲಿ ತಯಾರಾಗುವ ರಸವೂ ಇದೇ.

ಎಸ್ಟ್ರಾಡಿಯಾಲ್ ಮೂರು ರೂಪದಲ್ಲಿ ಬರುತ್ತದೆ. ಗುಳಿಗೆ, ಪಟ್ಟಿ, ಜೆಲ್.

ಪಟ್ಟಿ ಎಂದರೆ ಗಾಯಕ್ಕೆ ಅಂಟಿಸುವ ಪಟ್ಟಿಯ ಹಾಗೆ ಇರುತ್ತದೆ. ಹೊಕ್ಕಳ ಕೆಳಗೆ ಅಥವಾ ಕುಂಡೆಯ ಮೇಲೆ ಅಂಟಿಸುತ್ತಾರೆ. ಹೆಚ್ಚಿನ ಪಟ್ಟಿಗಳನ್ನು ವಾರಕ್ಕೆ ಎರಡು ಸಲ ಬದಲಿಸಬೇಕು. ಮದ್ದು ಚರ್ಮದಿಂದ ನೇರ ರಕ್ತಕ್ಕೆ ಇಳಿಯುತ್ತದೆ. ಹೊಟ್ಟೆಗೂ ಯಕೃತ್ತಿಗೂ ಭಾರ ಇಲ್ಲ. ರಕ್ತ ಹೆಪ್ಪುಗಟ್ಟುವ ಭಯವೂ ಕಡಿಮೆ. ವೈದ್ಯರ ಲೆಕ್ಕದಲ್ಲಿ ಇದೇ ಹೆಚ್ಚು ಒಳ್ಳೆಯದು. ಆದರೆ ನಮ್ಮ ದೇಶದಲ್ಲಿ ಪಟ್ಟಿ ಎಲ್ಲಾ ಕಡೆ ಸುಲಭವಾಗಿ ಸಿಗುವುದಿಲ್ಲ. ಬೆವರಿಗೆ ಕಿತ್ತು ಬರುವುದೂ ಉಂಟು. ಗದ್ದೆ ಕೆಲಸ ಮಾಡುವವರಿಗೆ ಇದು ಗೊತ್ತಾಗಬೇಕು.

ಜೆಲ್ ಎಂದರೆ ಮುಲಾಮು ಇದ್ದಂತೆ. ತೋಳಿಗೋ ತೊಡೆಗೋ ದಿನಕ್ಕೊಮ್ಮೆ ಹಚ್ಚಬೇಕು. ಒಣಗಿದ ಮೇಲೆ ಬಟ್ಟೆ ಹಾಕಬೇಕು. ಕೈ ತೊಳೆಯಬೇಕು. ಹಚ್ಚಿದ ಜಾಗವನ್ನು ಸಣ್ಣ ಮಕ್ಕಳು ಮುಟ್ಟಬಾರದು.

ಗುಳಿಗೆ ನಮ್ಮ ಕಡೆ ಹೆಚ್ಚು ಬಳಕೆ. ಸಿಗುವುದೂ ಸುಲಭ. ಇಲ್ಲಿ ನಮ್ಮ ಲೆಕ್ಕದ ಪಾಠ ಉಪಯೋಗಕ್ಕೆ ಬರುತ್ತದೆ. ಒಂದು ಗುಳಿಗೆ 1 ಮಿಲಿಗ್ರಾಂ ಇದೆ ಎನ್ನಿ. ಎರಡು ಭಾಗ ಮಾಡಿದರೆ ಒಂದು ಭಾಗ ಅರ್ಧ ಮಿಲಿಗ್ರಾಂ. ನಾಲ್ಕು ಭಾಗ ಮಾಡಿದರೆ ಒಂದು ಭಾಗ ಕಾಲು ಮಿಲಿಗ್ರಾಂ. ಸಾಮಾನ್ಯವಾಗಿ 11–12 ವರ್ಷಕ್ಕೆ ಇಂಥ ಕಾಲು ಮಿಲಿಗ್ರಾಮಿನಿಂದ ಶುರು ಮಾಡುತ್ತಾರೆ. ಸುಮಾರು ಆರು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾರೆ. ಎರಡು ಮೂರು ವರ್ಷದಲ್ಲಿ ದೊಡ್ಡವರ ಪ್ರಮಾಣಕ್ಕೆ, ಅಂದರೆ ದಿನಕ್ಕೆ 2 ಮಿಲಿಗ್ರಾಂ ಅಥವಾ ಇನ್ನೂ ಹೆಚ್ಚಿಗೆ ಬರುತ್ತಾರೆ. ತಂಗಿಯ ಹಾಗೆ ತಡವಾಗಿ ಬಂದವರಿಗೆ ವೈದ್ಯರು ಬೇರೆ ಲೆಕ್ಕ ಹಾಕುತ್ತಾರೆ. ನಾನು ಶಾಲೆಯಲ್ಲಿ ಕಲಿಸುವವಳು, ವೈದ್ಯಳಲ್ಲ. ಈ ಅಂಕಿಗಳನ್ನು ಬರೆದದ್ದು ನೀವೇ ಮದ್ದು ಮಾಡಲಿ ಎಂದಲ್ಲ. ವೈದ್ಯರು ಕಾಲು ಗುಳಿಗೆ ಬರೆದಾಗ "ಇಷ್ಟು ಸಣ್ಣ ತುಂಡಿನಿಂದ ಏನಾಗತೈತಿ" ಎಂದು ನೀವು ಇಡೀ ಗುಳಿಗೆ ಕೊಡಬಾರದು ಎಂದು.

ಮೊದಲ ವರ್ಷ ಮುಟ್ಟು ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಎಷ್ಟೋ ಮನೆಗಳಲ್ಲಿ ಇಲ್ಲಿಯೇ ಮದ್ದು ಬಿಟ್ಟುಬಿಡುತ್ತಾರೆ. "ಆರು ತಿಂಗಳು ಕೊಟ್ಟೇವಿ, ಏನೂ ಆಗಲಿಲ್ಲ" ಅನ್ನುತ್ತಾರೆ. ಆಗಿದೆ. ಒಳಗೆ ಗರ್ಭಕೋಶ ದೊಡ್ಡದಾಗುತ್ತಿದೆ. ಎಲುಬಿಗೆ ಬಲ ಬರುತ್ತಿದೆ. ಎದೆ ಮೂಡುತ್ತಿದೆ. ತಾಳ್ಮೆ ಬೇಕು.

ಸುಮಾರು ಎರಡು ವರ್ಷ ಆದ ಮೇಲೆ, ಅಥವಾ ನಡುವೆ ರಕ್ತ ಕಾಣಿಸಿಕೊಂಡರೆ, ಎರಡನೆಯ ಮದ್ದು ಸೇರಿಸುತ್ತಾರೆ. ಅದೇ ಪ್ರೊಜೆಸ್ಟರಾನ್. ತಿಂಗಳಲ್ಲಿ 10ರಿಂದ 12 ದಿನ ಮಾತ್ರ. ಈಗ ಉದುರಲು ಪದರ ಇದೆ. ಆದ್ದರಿಂದ ತಿಂಗಳು ತಿಂಗಳು ಮುಟ್ಟು ಬರುತ್ತದೆ. ಈ ಎರಡನೆಯ ಮದ್ದನ್ನು ಬಿಡಬಾರದು. ಬಿಟ್ಟರೆ ಗರ್ಭಕೋಶದ ಪದರ ದಪ್ಪ ಆಗುತ್ತಾ ಹೋಗಿ ಮುಂದೆ ಕೆಡುಕು ಆಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಗುರುತು ಹಾಕಿ. ಯಾರಾದರೂ ಏನದು ಎಂದು ಕೇಳಿದರೆ ಹಾಲಿನ ಲೆಕ್ಕ ಎನ್ನಿ.

ಒಬ್ಬ ಅವ್ವ ಕೇಳಬಹುದು: "ಗುಳಿಗಿಯಿಂದ ಬಂದದ್ದು ಖರೇ ಮುಟ್ಟೇನ್ರಿ? ಆರತಿ ಮಾಡಬೇಕೋ ಬ್ಯಾಡೋ?" ಗರ್ಭಕೋಶ ಅವಳದೇ. ರಕ್ತ ಅವಳದೇ. ಖರೇ ಮುಟ್ಟೇ. ಆರತಿ ಮಾಡುವುದು ಬಿಡುವುದು ತಂಗಿಯನ್ನು ಕೇಳಿ.

ಯಾಕೆ ತಡ ಮಾಡಬಾರದು?

ಮೈಯ ಎಲುಬು ಗಟ್ಟಿ ಆಗುವ ವಯಸ್ಸು ಒಂದು ಇದೆ. ಬಹುಪಾಲು 20 ವರ್ಷದ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಹೊಸದಾಗಿ ಕೂಡಿಸುವುದು ಕಷ್ಟ. ಈಸ್ಟ್ರೋಜೆನ್ ಇಲ್ಲದೆ ಆ ವರ್ಷಗಳು ಕಳೆದರೆ 30–40ಕ್ಕೇ ಮುದುಕಿಯ ಎಲುಬು. ಜಾರಿ ಬಿದ್ದರೆ ಮುರಿಯುತ್ತದೆ. "ಮುಟ್ಟು ಇಲ್ಲದಿದ್ದರೆ ಆರಾಮಲ್ಲೇನು" ಎಂದು ಕೆಲವರು ನಗುತ್ತಾರೆ. ಎಲುಬಿಗೆ ಆರಾಮಿಲ್ಲ.

ಮದ್ದಿನ ಜೊತೆಗೆ ಊಟವೂ ಬೇಕು. ರಾಗಿಯಲ್ಲಿ ಸುಣ್ಣದ ಅಂಶ ಬಹಳ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು. ಎಳ್ಳು, ಹಾಲು, ಮಜ್ಜಿಗೆ, ಸೊಪ್ಪಿನ ಪಲ್ಯ ಒಳ್ಳೆಯದು. ಬಿಸಿಲಿಗೆ ಓಡಾಡಬೇಕು, ಆಟ ಆಡಬೇಕು.

ಎತ್ತರದ ವಿಷಯದಲ್ಲಂತೂ ಇನ್ನೂ ಬೇಗ ಹೋಗಬೇಕು. ಟರ್ನರ್ ಇರುವ ಹುಡುಗಿಯರಿಗೆ ಎತ್ತರ ಬೆಳೆಸುವ ಹಾರ್ಮೋನಿನ ಸೂಜಿ ಇದೆ. ದಿನಾ ಹಾಕಬೇಕು. ದುಬಾರಿ. ಎಲುಬಿನ ತುದಿಗಳು ಮುಚ್ಚಿದ ಮೇಲೆ ಅದು ಕೆಲಸ ಮಾಡುವುದಿಲ್ಲ. ಐದಾರು ವರ್ಷದ ಮಗಳು ಓರಗೆಯವರಿಗಿಂತ ಬಹಳ ಗಿಡ್ಡ ಇದ್ದರೆ, ಹುಟ್ಟುವಾಗ ಕೈಕಾಲು ಬಾತಿದ್ದರೆ, ಕುತ್ತಿಗೆ ಅಗಲ ಇದ್ದರೆ ಆಗಲೇ ತೋರಿಸಿ. ಮುಟ್ಟಿನ ವಯಸ್ಸಿನ ತನಕ ಕಾಯಬೇಡಿ. ಇಂಥವರಿಗೆ ಹೃದಯ, ಮೂತ್ರಪಿಂಡ, ಕಿವಿ, ಥೈರಾಯ್ಡ್ ಕೂಡ ನೋಡುತ್ತಾರೆ. ಹೃದಯದ ಪರೀಕ್ಷೆ ತಪ್ಪಿಸಬೇಡಿ.

ಈ ಮದ್ದು ಎಷ್ಟು ದಿನ? ಸುಮಾರು 50 ವರ್ಷದ ತನಕ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಬೇರೆ ಹೆಂಗಸರ ಮೈಯಲ್ಲಿ ಅಷ್ಟು ವರ್ಷ ಆ ರಸ ಇದ್ದೇ ಇರುತ್ತದೆ. ಇವಳಿಗೆ ಅಷ್ಟನ್ನೇ ಕೊಡುವುದು.

"ಹಾರ್ಮೋನು ತಗೊಂಡರ ಕ್ಯಾನ್ಸರ್ ಬರತೈತಿ ಅಂತಾರಲ್ರಿ?" ಈ ಹೆದರಿಕೆ ಎಲ್ಲಿಂದ ಬಂತು ಎಂದು ಹೇಳುತ್ತೇನೆ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಹೊರಬಂತು. ಮುಟ್ಟು ನಿಂತ ಮೇಲೆ ಹಾರ್ಮೋನು ತಗೊಂಡ ಹೆಂಗಸರಲ್ಲಿ ಎದೆಯ ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡಿತ್ತು. ಅವರು 50ರಿಂದ 79 ವರ್ಷದವರು. ಅವರ ಮೈಗೆ ಆ ರಸ ನಿಲ್ಲುವ ವಯಸ್ಸು ಬಂದಿತ್ತು. 15ರ ತಂಗಿಗೆ ಅದು ಇರಬೇಕಾದ ವಯಸ್ಸು. ಅಜ್ಜಿಯ ಲೆಕ್ಕವನ್ನು ಮೊಮ್ಮಗಳಿಗೆ ಹಾಕಬಾರದು.

ಎಚ್ಚರ ಮಾತ್ರ ಬೇಕು. ಒಂದು ಕಾಲು ಬಾತು ನೋವು ಬಂದರೆ, ಎದೆ ನೋವು, ಉಸಿರು ಕಟ್ಟುವುದು, ತಾಳಲಾರದ ತಲೆನೋವು, ಕಣ್ಣು ಮಂಜು ಆಗುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಒಂದು ದಿನ ಗುಳಿಗೆ ಮರೆತರೆ ಮರುದಿನ ಎರಡು ನುಂಗಬಾರದು.

ಮದುವೆ ಮಾತು

ಅಜ್ಜಿ ಹೇಳಿದ ಮಾತಿಗೆ ಬರೋಣ. ಮದುವೆಯಿಂದ ಅಂಡಾಶಯ ಸರಿ ಆಗುವುದಿಲ್ಲ. 18 ತುಂಬದ ಹುಡುಗಿಯ ಮದುವೆ 2006ರ ಕಾಯ್ದೆಯ ಪ್ರಕಾರ ಅಪರಾಧ. ಅಂಥದ್ದು ಕಂಡರೆ 1098ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬಚ್ಚಿಟ್ಟು ಮದುವೆ ಮಾಡಿದರೆ ಎರಡು ವರ್ಷಕ್ಕೆ ಹುಡುಗಿ ತವರಿಗೆ ವಾಪಸ್ ಬರುತ್ತಾಳೆ. ಬರಿಗೈಯಲ್ಲಿ, "ಬಂಜೆ" ಎಂಬ ಹೆಸರು ಹೊತ್ತು. ಮದ್ದಿನ ಹೆಸರೂ ಅವಳಿಗೆ ಗೊತ್ತಿರುವುದಿಲ್ಲ. ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ ಎಂದು ನನಗೆ ಅನಿಸುತ್ತದೆ.

ದೊಡ್ಡವಳಾದ ಮೇಲೆ ಇವಳು ಮದುವೆ ಆಗಬಹುದು, ಸಂಸಾರ ಮಾಡಬಹುದು. ಮಕ್ಕಳ ಮಾತು ಸ್ವಲ್ಪ ಕಷ್ಟದ್ದು. ಅಂಡಾಶಯ ನಿಂತವರಲ್ಲಿ ನೂರಕ್ಕೆ 5ರಿಂದ 10 ಜನರಿಗೆ ತಾವಾಗಿಯೇ ಬಸಿರು ನಿಂತದ್ದುಂಟು. ಟರ್ನರ್ ಇದ್ದವರಲ್ಲಿ ಇನ್ನೂ ಕಡಿಮೆ. ಬೇರೆಯವರ ತತ್ತಿ ಪಡೆದು ಗರ್ಭ ಧರಿಸುವ ದಾರಿಯೂ ಇದೆ. ಅದಕ್ಕೆ 2021ರಲ್ಲಿ ಕಾಯ್ದೆ ಬಂದಿದೆ. ತತ್ತಿ ಕೊಡುವಾಕೆಗೆ 23ರಿಂದ 35 ವರ್ಷ ಇರಬೇಕು. ಖರ್ಚು ಬಹಳ. ಟರ್ನರ್ ಇದ್ದವರಿಗೆ ಬಸಿರು ಹೃದಯಕ್ಕೆ ಅಪಾಯ ತರಬಹುದು, ಆದ್ದರಿಂದ ಮೊದಲೇ ಹೃದಯ ತೋರಿಸಬೇಕು. ದತ್ತು ಪಡೆಯಬಹುದು. ಮಕ್ಕಳಿಲ್ಲದೆಯೂ ಬದುಕಬಹುದು. ಯಾವುದು ಎಂದು ಅವಳೇ ಹೇಳಲಿ.

ಅವಳೇ ಹೇಳಬೇಕಾದರೆ ಅವಳಿಗೆ ತಿಳಿದಿರಬೇಕು. ಅವ್ವ ಮತ್ತು ವೈದ್ಯರು ಪಿಸುಗುಟ್ಟಿ ಮಾತಾಡಿ, ಹುಡುಗಿಯನ್ನು ಹೊರಗೆ ಕೂರಿಸಬಾರದು. ಮೈ ಅವಳದು. 35 ವರ್ಷ ಗುಳಿಗೆ ನುಂಗುವವಳು ಅವಳು.

ಎಲ್ಲಿಗೆ ಹೋಗಬೇಕು?

ಮೊದಲು ಆಶಾ ಅಕ್ಕನಿಗೆ ಹೇಳಿ. 2013ರಿಂದ ಶಾಲೆಗಳಿಗೆ ಮಕ್ಕಳ ಆರೋಗ್ಯ ನೋಡುವ ಆರ್‌ಬಿಎಸ್‌ಕೆ ತಂಡ ಬರುತ್ತಿದೆ. ಅವರಿಗೆ ಕೇಳಿ. ಹರೆಯದ ಹುಡುಗ ಹುಡುಗಿಯರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ಎಂದು ಇದೆ. ಖಾನಾಪುರದ ತಾಲೂಕು ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಬೆಳಗಾವಿಗೆ ಹೋಗಿ. ಖಾನಾಪುರದಿಂದ ಬೆಳಗಾವಿ ಸುಮಾರು 26 ಕಿಲೋಮೀಟರ್. ಬಸ್ಸೂ ಇದೆ, ರೈಲೂ ಇದೆ. ಅಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಅದಕ್ಕೆ ಬಿಮ್ಸ್ ಎಂದೂ ಹೇಳುತ್ತಾರೆ. ನೆಹರೂ ನಗರದಲ್ಲಿ ಕೆಎಲ್ಇ ಆಸ್ಪತ್ರೆ ಇದೆ. ಮಕ್ಕಳ ವೈದ್ಯರನ್ನೋ ಹೆಂಗಸರ ವೈದ್ಯರನ್ನೋ ಕಂಡರೆ ಅವರು ಹಾರ್ಮೋನಿನ ವೈದ್ಯರ ಹತ್ತಿರ ಕಳಿಸುತ್ತಾರೆ. ಮನೆಯಲ್ಲಿ ಮರಾಠಿ ಆಡುವವರು ಮರಾಠಿಯಲ್ಲೇ ಹೇಳಿ. ಬೆಳಗಾವಿಯಲ್ಲಿ ಎರಡೂ ನಡೆಯುತ್ತದೆ. ಗುಳಿಗೆ ಬರೆದುಕೊಟ್ಟ ಮೇಲೆ ಅದೇ ಮದ್ದು ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಇದೆಯೇ ಎಂದು ಕೇಳಿ.

ಡಾಕ್ಟರ ಮುಂದೆ ಕುಳಿತಾಗ ನಾಚಿಕೆಯಿಂದ ಬಾಯಿ ಕಟ್ಟುತ್ತದೆ. ಮನೆಯಿಂದ ಹೊರಡುವ ಮೊದಲೇ ಒಂದು ಚೀಟಿ ಬರೆದುಕೊಳ್ಳಿ. ಈಗ ನಿಮಗೆ ಬರೆಯಲು ಬರುತ್ತದೆ. ಕೆಳಗಿನ ಸಾಲುಗಳನ್ನು ನಿಮ್ಮ ವಹಿಯಲ್ಲಿ ಬರೆದು ತುಂಬಿಸಿ. ಮಗಳಿಗೆ ಏನೂ ತೊಂದರೆ ಇಲ್ಲದಿದ್ದರೂ ರೂಢಿಗಾಗಿ ಬರೆಯಿರಿ.

ಮಗಳ ಹೆಸರು: ……………
ಹುಟ್ಟಿದ ತಾರೀಖು: ……………
ಈಗಿನ ಎತ್ತರ (ಸೆಂಟಿಮೀಟರ್): ……………
ಹೋದ ವರ್ಷದ ಎತ್ತರ: ……………
ಎದೆ ಮೂಡಲು ಶುರು ಆದ ವಯಸ್ಸು / ಇನ್ನೂ ಆಗಿಲ್ಲ: ……………
ಮುಟ್ಟು ಬಂದ ವಯಸ್ಸು / ಇನ್ನೂ ಬಂದಿಲ್ಲ: ……………
ಅವ್ವನಿಗೆ ಮುಟ್ಟು ಬಂದಾಗ ಎಷ್ಟು ವಯಸ್ಸು: ……………
ಹಿಂದೆ ಆದ ದೊಡ್ಡ ಕಾಯಿಲೆ, ಆಪರೇಶನ್: ……………
ಈ ತನಕ ಕೊಟ್ಟ ಗುಳಿಗೆಗಳು (ಖಾಲಿ ಪಟ್ಟಿ ಇದ್ದರೆ ಜೊತೆಗೆ ಒಯ್ಯಿರಿ): ……………
ಮಗಳು ತಾನೇ ಕೇಳಬೇಕೆಂದಿರುವ ಪ್ರಶ್ನೆ: ……………

ಕೊನೆಯ ಸಾಲನ್ನು ಮಗಳ ಕೈಯಿಂದಲೇ ಬರೆಸಿ.